ಬೇರೆ ಹಾಸಿಗೆಯ ದಿನಗಳು

ಹಾವೇರಿಯ ಡಾಕ್ಟರ್ ಪ್ರಿಯಂವದಾ ಅವರ ಎದುರು ಕೂತ ಕೂಡಲೇ ಮಹೇಶ್ವರಿ ತಿರುಗಿ ನೋಡಿದ್ದು ಬಾಗಿಲನ್ನು, ಪೂರಾ ಮುಚ್ಚಿದೆಯೋ ಇಲ್ಲವೋ ಅಂತ. ರಾಣೆಬೆನ್ನೂರಿನಲ್ಲಿ ಡಾಕ್ಟರುಗಳಿಗೇನು ಬರವಿರಲಿಲ್ಲ. ಆದರೆ ಅಲ್ಲಿ ಬೆಂಚಿನ ಮೇಲೆ ಕೂತರೆ ಎಡಕ್ಕೊಬ್ಬರು ಬಲಕ್ಕೊಬ್ಬರು ಗುರುತಿನವರು, ಸಂಜೆಯೊಳಗೆ ಸುದ್ದಿ ಅತ್ತೆಯ ಕಿವಿಗೆ. ಅದಕ್ಕೇ ಕರ್ಜಗಿಯ ತವರಿಗೆ ಹೋಗಿ ಬರುತ್ತೇನೆ ಅಂತ ಹೇಳಿ ಹೊರಟವಳು ಹಾವೇರಿಯಲ್ಲೇ ಬಸ್ಸು ಇಳಿದುಬಿಟ್ಟಿದ್ದಳು.

ಡಾಕ್ಟರು ಹಳೆಯ ರಿಪೋರ್ಟುಗಳನ್ನು ಒಂದೊಂದಾಗಿ ಮಗುಚಿದರು. ಮದುವೆಯಾಗಿ ಒಂಬತ್ತು ವರ್ಷ. ಅಷ್ಟೂ ವರ್ಷದ ಕಾಗದಗಳು ಒಂದು ಪ್ಲಾಸ್ಟಿಕ್ ಚೀಲದಲ್ಲಿದ್ದವು.

"ಗಂಡಂದೂ ಸರಿ ಅದ, ನಿಂದೂ ಸರಿ ಅದ," ಅಂದರು ಡಾಕ್ಟರು. "ತಿಂಗಳಾ ಸರಿಯಾಗಿ ಮುಟ್ಟಾಗ್ತೀಯೇನು?"

"ಆಗತೇನ್ರಿ. ಆದ್ರ ಒಂದು ತಿಂಗಳಿದ್ದಂಗ ಇನ್ನೊಂದು ತಿಂಗಳಿಲ್ರಿ. ಹಿಂದ ಮುಂದ ಆಗತೈತಿ."

"ನಡುವ ಬಿಳಿ ಹೋಗ್ತದೇನು?"

ಮಹೇಶ್ವರಿಯ ಕಿವಿ ಬಿಸಿಯಾಯಿತು. ಇದನ್ನು ಹೇಳಬಾರದು ಅಂತಲೇ ಬಂದಿದ್ದಳು. ಆ ರೋಗ ಇದ್ದವರಿಗೆ ಮಕ್ಕಳಾಗುವುದಿಲ್ಲ ಅಂತ ಯಾರೋ ಹೇಳಿದ್ದು ಅವಳ ಎದೆಯಲ್ಲಿ ಕೂತುಬಿಟ್ಟಿತ್ತು.

"ಹೋಗತೈತ್ರಿ. ಅದಕ್ಕ ಮನ್ಯಾಗ ಔಷಧ ಮಾಡಾಕತ್ತೇವ್ರಿ. ನಮ್ಮತ್ತಿ ಹವೀಜ, ಕೊತ್ತಂಬರಿ ಕಾಳು, ನೆನಿ ಇಟ್ಟು, ಆ ನೀರಿಗೆ ಕಲ್ಲುಸಕ್ಕರಿ ಹಾಕಿ ಕೊಡತಾರ. ಆ ದಿನ ನಾ ಅವರ ಮಗ್ಗಲದಾಗ ಮಲಗತೇನ್ರಿ."

"ಅತ್ತಿ ಮಗ್ಗಲದಾಗ ಯಾಕ?"

"ಮೈಯಾಗ ಕಾವು ಹೆಚ್ಚಾದ್ರ ಹಂಗಾಗತೈತಲ್ರಿ. ಆವಾಗ ಇವರ ಸಂಗಾಟ ಮಲಗಿದ್ರ ಇವರಿಗೂ ಹತ್ತತೈತಿ ಅಂತಾರ. ಪೂರಾ ನಿಂತ ಮ್ಯಾಲ ನಮ್ಮ ಹಾಸಿಗಿಗೆ ಹೋಗತೇನಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ಅವರ ದನಿ ಸ್ವಲ್ಪ ಮೆತ್ತಗಾಯಿತು. "ಅದು ಹೆಂಗಿರ್ತದ, ನಾಚಿಕೊಳ್ಳದ ಹೇಳು. ಗಟ್ಟಿ ಮೊಸರಿನ್ಹಂಗೋ, ತೆಳ್ಳಗೋ? ತುರಿಸ್ತದೇನು? ವಾಸನಿ?"

"ತುರಿಕಿ ಇಲ್ರಿ, ವಾಸನಿ ಇಲ್ಲ. ಎಳೀ ಬೆಂಡಿಕಾಯಿ ಮುರದ್ರ ಎಳಿ ಬರತೈತಲ್ರಿ, ಹಂಗ. ನೀರಿನಂಗ ತಿಳಿ ಇರತೈತಿ, ಜಾರತೈತಿ."

ಡಾಕ್ಟರು ರಿಪೋರ್ಟಿನ ಚೀಲವನ್ನು ಬದಿಗೆ ಸರಿಸಿದರು. ಕೆಟ್ಟದ್ದೇ ಇರಬೇಕು, ಇನ್ನೇನು ಹೇಳುತ್ತಾರೆ ಅಂತ ಮಹೇಶ್ವರಿ ಸೀರೆಯ ಅಂಚನ್ನು ಹಿಡಿದು ಕೂತಳು.

"ತಂಗೀ, ಅದು ರೋಗ ಅಲ್ಲ. ನಿನ್ನ ಮೈಯೊಳಗ ತತ್ತಿ ಬಿಡೋ ಹೊತ್ತು ಬಂತಂದ್ರ ಹಂಗ ಬರ್ತದ. ಬಸಿರು ನಿಲ್ಲೋದು ಆ ದಿನಗಳೊಳಗ. ಉಳಿದ ದಿನ ಎಷ್ಟು ಕೂಡಿ ಮಲಗಿದ್ರೂ ಉಪಯೋಗ ಇಲ್ಲ."

ಮಹೇಶ್ವರಿಗೆ ಮಾತು ತಿಳಿಯಿತು, ಆದರೆ ಒಳಗೆ ಇಳಿಯಲು ಹೊತ್ತು ಹಿಡಿಯಿತು. ಒಂಬತ್ತು ವರ್ಷಕ್ಕೆ ಎಷ್ಟು ತಿಂಗಳಾಗುತ್ತವೆ ಅಂತ ಲೆಕ್ಕ ಹಾಕಲು ಹೋಗಿ ನಡುವೆಯೇ ಬಿಟ್ಟಳು.

ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ನಿನ್ನ ಮುಟ್ಟು ಹಿಂದೆ ಮುಂದೆ ಆಗುವುದರಿಂದ ದಿನ ಎಣಿಸಿದರೆ ತಪ್ಪುತ್ತದೆ, ಮೈಯನ್ನೇ ನೋಡಿಕೊಳ್ಳಬೇಕು. ಮೊದಲು ಒಣಗಿದಂತೆ ಇರುತ್ತದೆ, ಆಮೇಲೆ ಸ್ವಲ್ಪ ಹಸಿ, ಆಮೇಲೆ ಆ ಎಳೆ. ಎಳೆ ಕಂಡ ದಿನವೂ ಮರುದಿನವೂ ಮುಖ್ಯ. ಕೆಲವರಿಗೆ ಕಿಬ್ಬೊಟ್ಟೆಯಲ್ಲಿ ಒಂದು ಮಗ್ಗುಲಿಗೆ ಚುಚ್ಚಿದಂತೆ ಆಗುತ್ತದೆ, ಕೆಲವರಿಗೆ ಆಗುವುದಿಲ್ಲ. ಮತ್ತೆ ಗಟ್ಟಿಯಾಗಿ ಒಣಗಿತೆಂದರೆ ಆ ತಿಂಗಳು ಮುಗಿಯಿತು.

"ಬೆಳಿಗ್ಗೆದ್ದು ಜ್ವರದ ಕಡ್ಡಿ ಇಟ್ಟು ನೋಡಬೇಕು ಅಂತಾರಲ್ರಿ?"

"ಮೈ ಬಿಸಿ ಏರೋದು ತತ್ತಿ ಬಿಟ್ಟ ಮ್ಯಾಲ. ಅದು ಆಗಿಹೋದದ್ದನ್ನ ಹೇಳ್ತದ, ಬರೋದನ್ನ ಹೇಳಂಗಿಲ್ಲ. ತತ್ತಿ ಒಂದು ದಿನದ ಮ್ಯಾಲ ಇರಂಗಿಲ್ಲ. ಗಂಡಸಿಂದು ಎರಡು ಮೂರು ದಿನ ಒಳಗ ಕಾಯ್ಕೊಂಡಿರ್ತದ. ಅದಕ್ಕ ಸ್ವಲ್ಪ ಮೊದಲಾದ್ರ ನಡೀತದ, ತಡಾ ಆದ್ರ ಇಲ್ಲ. ಇದೇ ಕಾರಣ ಅಂತ ನಾ ಖಾತ್ರಿ ಕೊಡಂಗಿಲ್ಲ. ಮೂರು ನಾಕು ತಿಂಗಳು ಹಿಂಗ ಮಾಡ್ರಿ. ಆಗಲಿಲ್ಲಂದ್ರ ಟ್ಯೂಬ್ ನೋಡೋಣ. ಮೂವತ್ತು ದಾಟೇದ ನಿನಗ, ಭಾಳ ಕಾಯೋದು ಬ್ಯಾಡ."

ವಾಪಸು ಬರುವ ಬಸ್ಸಿನಲ್ಲಿ ಅವಳಿಗೆ ಅಳು ಬರಲಿಲ್ಲ. ಒಂದು ಬಗೆಯ ಹೆದರಿಕೆ ಹತ್ತಿತು. ದೋಷ ಇದೆ ಅಂದಿದ್ದರೆ ಹಣೆಬರಹ ಅಂತ ಕೈಕಟ್ಟಿ ಕೂರಬಹುದಿತ್ತು. ಈಗ ದಿನ ಹಿಡಿಯುವ ಕೆಲಸ ತನ್ನ ಮೇಲೇ ಬಿತ್ತಲ್ಲ.

ಗಂಡ ಮೈಲೇಶನಿಗೆ ಅರ್ಧ ಹೇಳಿದಳು, ಅರ್ಧ ನುಂಗಿದಳು. ಅವನು "ಹೂಂ" ಅಂದ. ಅತ್ತೆ ಕರೆವ್ವಳಿಗೆ ಏನೂ ಹೇಳಲಿಲ್ಲ. ಹೇಗೆ ಹೇಳುವುದು? ನೀವು ಕೊಟ್ಟ ಹವೀಜದ ನೀರಲ್ಲ, ನೀವು ಹಾಸಿದ ಹಾಸಿಗೆ ನನ್ನ ಉಡಿ ಖಾಲಿ ಇಟ್ಟಿತು ಅಂತ ಯಾವ ಸೊಸೆ ಬಾಯಿಬಿಟ್ಟು ಹೇಳುತ್ತಾಳೆ?

ಮುಂದಿನ ಮುಟ್ಟು ಮುಗಿದ ದಿನದಿಂದ ಕಾಯುವಿಕೆ ಸುರುವಾಯಿತು. ಬಚ್ಚಲಿಗೆ ಹೋಗುವುದೆಂದರೆ ಪರೀಕ್ಷೆಗೆ ಕೂತಂತೆ. ಒಣಗಿದ್ದರೆ ಯಾಕೆ ಒಣಗಿದೆ ಅನ್ನುವ ಚಿಂತೆ, ಹಸಿ ಇದ್ದರೆ ಇದು ಅದೋ ಅಲ್ಲವೋ ಅನ್ನುವ ಚಿಂತೆ. ಬೆವರಿಗೂ ಅದಕ್ಕೂ ಫರಕು ತಿಳಿಯದೆ ಒಮ್ಮೊಮ್ಮೆ ನಿಂತಲ್ಲೇ ನಿಲ್ಲುತ್ತಿದ್ದಳು. ಸೊಂಟ ಸ್ವಲ್ಪ ಎಳೆದರೂ ಕೈ ಅಲ್ಲಿಗೆ ಹೋಗುತ್ತಿತ್ತು.

ಅವಳ ಕೆಲಸ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯ ಶೆಡ್ಡಿನಲ್ಲಿ. ಉದ್ದನೆಯ ಮೇಜಿನ ಮೇಲೆ ಬೀಜ ಸುರಿದಿರುತ್ತಾರೆ. ಸೀಳಿದ್ದು, ಬಣ್ಣಗೆಟ್ಟದ್ದು ಆರಿಸಿ ತೆಗೆಯಬೇಕು. ಮಳೆಗಾಲ ಬಂದರೆ ಇದೇ ಹೆಂಗಸರು ಕಂಪನಿಯ ಹೊಲದ ಪ್ಲಾಟಿಗೆ ಹೋಗಿ ಬೆಂಡಿ ಹೂವಿಗೆ ಕ್ರಾಸಿಂಗ್ ಮಾಡುತ್ತಾರೆ. ನಾಳೆ ಅರಳುವ ಮೊಗ್ಗನ್ನು ಇವತ್ತೇ ಗುರುತು ಹಿಡಿದು, ಗಂಡು ಕೇಸರ ಬಿಡಿಸಿ, ಮರುದಿನ ಮುಂಜಾನೆ ಬೇರೆ ಗಿಡದ ಹುಡಿ ತಾಗಿಸುವುದು. ಮಹೇಶ್ವರಿಯ ಕೈ ಬಿದ್ದ ಮೊಗ್ಗು ಸುಳ್ಳಾದದ್ದು ಕಡಿಮೆ.

ಪಕ್ಕದಲ್ಲಿ ಕೂತು ಬೀಜ ಆರಿಸುವ ನಜ್ಮಾಗೆ ಮಾತ್ರ ಅವಳು ಎಲ್ಲ ಹೇಳಿದ್ದಳು. ನಜ್ಮಾಗೆ ಮೂರು ಮಕ್ಕಳು, ಬಾಯಿಗೆ ಬೀಗವಿಲ್ಲ.

"ಸಾವಿರಾರು ಮೊಗ್ಗಿನ ಹೊತ್ತು ಹಿಡದಾಕಿ ನೀ. ನಿನ್ನ ಹೊತ್ತು ನಿನಗ ತಿಳೀವಲ್ದಲ್ಲಬೇ," ಅಂದಳು ನಜ್ಮಾ.

"ಮೊಗ್ಗು ಕಣ್ಣಿಗೆ ಕಾಣತೈತಿ. ಇದು ಕಾಣತೈತೇನು?"

"ಕಾಣತೈತಿ. ನೀ ಕಂಡು ಕಂಡು ಅತ್ತಿ ಮಗ್ಗಲಕ ಓಡಿದಾಕಿ."

ಮಹೇಶ್ವರಿ ನಗಲಿಲ್ಲ. ನಜ್ಮಾ ಅವಳ ಮೊಣಕೈಗೆ ತಿವಿದು, ತನ್ನ ಪಾಲಿನ ಒಂದು ಮುಷ್ಟಿ ಬೀಜವನ್ನು ಅವಳ ಗುಡ್ಡೆಗೆ ತಳ್ಳಿ, "ಹಗೂರ ಆರಸು, ಚಿಂತಿ ಮಾಡ್ಕೋಂತ ಛಲೋ ಬೀಜ ಬಿಸಾಕಾಕತ್ತಿ," ಅಂದಳು.

ಚಿಂತೆಗೆ ಇನ್ನೊಂದು ಕಾರಣವೂ ಇತ್ತು. ಅದು ಬ್ಯಾಡಗಿ ಮೆಣಸಿನಕಾಯಿಯ ಸೀಜನ್ನು. ಮೈಲೇಶ ಬ್ಯಾಡಗಿ ಊರಿನ ಮಾರ್ಕೆಟ್ಟಿನಲ್ಲಿ ಹೇಮಪ್ಪ ಸಾವಕಾರರ ದಲಾಲಿ ಅಂಗಡಿಯಲ್ಲಿ ತೂಕ ನೋಡುವವನು. ಸೋಮವಾರ, ಗುರುವಾರ ಟೆಂಡರು, ಕಾಯಿಯ ಹರಾಜು. ಹಿಂದಿನ ದಿನವೇ ಹೋಗಿ ಚೀಲ ಇಳಿಸಿಕೊಂಡರೆ ತೂಕ ಮುಗಿಯುವವರೆಗೆ ಅಂಗಡಿಯಲ್ಲೇ ವಾಸ. ಮನೆಗೆ ಬಂದ ದಿನವೂ ಹೊರಗಿನ ಕಟ್ಟೆಯ ಮೇಲೆ ಮಲಗುತ್ತಿದ್ದ. ಮದುವೆಯಾದ ಮೊದಲ ವರ್ಷ ಅವನ ಖಾರದ ಕೈ ಅವಳ ಕಣ್ಣಿಗೆ ತಾಗಿ, ಅವಳು ಬೆಳಗಿನವರೆಗೆ ನೀರು ಚಿಮುಕಿಸಿಕೊಂಡು ಕೂತಿದ್ದಳು. ಬ್ಯಾಡಗಿ ಕಾಯಿಗೆ ಬಣ್ಣವೇ ಹೆಚ್ಚು, ಖಾರ ಕಡಿಮೆ ಅಂತಾರೆ, ಆದರೆ ಹಗಲಿಡೀ ಅದರಲ್ಲೇ ಮುಳುಗಿದವನ ಕೈಗೆ ಅದು ಗೊತ್ತಾಗಬೇಕಲ್ಲ. ಅಂದಿನಿಂದ ಸೀಜನ್ನಿನಲ್ಲಿ ಅವನು ಅವಳನ್ನು ಮುಟ್ಟಲು ಹೆದರುತ್ತಿದ್ದ.

ಆ ಸೋಮವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಶೆಡ್ಡಿನ ಹಿಂದಿನ ಪಾಯಖಾನೆಗೆ ಹೋದ ಮಹೇಶ್ವರಿ ಬೇಗ ಹೊರಗೆ ಬರಲಿಲ್ಲ. ಎರಡು ಬೆರಳ ನಡುವೆ ಎಳೆ ಹರಿಯದೆ ನಿಂತಿತ್ತು, ನೀರಿನಷ್ಟು ತಿಳಿ. ಬಲಗಡೆ ಕಿಬ್ಬೊಟ್ಟೆಯಲ್ಲಿ ಬೆಳಗಿನಿಂದ ಸಣ್ಣಗೆ ಚುಚ್ಚುತ್ತಿತ್ತು, ಅದನ್ನು ಕೂತು ಕೂತು ಬಂದ ಸೆಳೆತ ಅಂದುಕೊಂಡಿದ್ದಳು. ಕೈ ತೊಳೆದಳು, ಮತ್ತೆ ತೊಳೆದಳು. ಸಂತೋಷ ಆಗಬೇಕಿತ್ತು. ಆದರೆ ನೆನಪಾದದ್ದು ಇವತ್ತು ಸೋಮವಾರ ಅಂತ.

ಮೈಲೇಶ ನಿನ್ನೆಯೇ ಬ್ಯಾಡಗಿಗೆ ಹೋಗಿದ್ದ. ಫೋನು ಮಾಡಿದಳು, ಎತ್ತಲಿಲ್ಲ. ತೂಕದ ಗದ್ದಲದಲ್ಲಿ ಎಲ್ಲಿ ಕೇಳಬೇಕು. ಅವನು ಬರುವುದು ನಾಳೆ ಕತ್ತಲಾದ ಮೇಲೆ. ಅಷ್ಟರಲ್ಲಿ ಒಣಗಿದರೆ?

"ಎಷ್ಟು ಸಲ ಮಾಡತಿ? ಹೋಗಿ ಕರ್ಕೊಂಡು ಬಾ," ಅಂದಳು ನಜ್ಮಾ.

"ಏನಂತ ಹೇಳಲಿ, ಅಷ್ಟು ಗಂಡಸರ ನಡುವ?"

"ಅದನ್ನ ಬಸ್ಸಿನ್ಯಾಗ ವಿಚಾರ ಮಾಡು."

ಸೂಪರ್ವೈಜರ್ ಗುರುರಾಜನಿಗೆ ಮನೆಯಲ್ಲಿ ಅರ್ಜೆಂಟು ಅಂತ ಹೇಳಿ ಅರ್ಧ ದಿನ ರಜೆ ಕೇಳಿದಳು. ಅವನು ಅವಳ ಮುಖ ನೋಡಿ ಏನೂ ಕೇಳದೆ ಹೂಂ ಅಂದ. ಬಸ್ಸು ಮೋಟೆಬೆನ್ನೂರಿನ ಹತ್ತಿರ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಸಿಕ್ಕಿಕೊಂಡು ತೆವಳಿತು. ಕಿಟಕಿಯಿಂದ ಒಳಗೆ ಬರುವ ಗಾಳಿಗೇ ಕೆಮ್ಮು ಹತ್ತಿತು. ಚುಚ್ಚುವುದು ನಿಂತಿತ್ತು. ಯಾಕೆ ನಿಂತಿತು? ಮುಗಿದೇ ಹೋಯಿತೇ? ತೊಡೆಗಳನ್ನು ಬಿಗಿದು ಕೂತು, ಇಷ್ಟು ಬಿಗಿದು ಕೂತರೆ ಏನಾದರೂ ಕೆಡುತ್ತದೋ ಏನೋ ಅಂತ ಸಡಿಲಿಸಿ, ಮತ್ತೆ ಬಿಗಿದಳು. ಇದೆಲ್ಲ ಹುಚ್ಚುತನ ಅಂತ ಅವಳಿಗೂ ಗೊತ್ತಿತ್ತು.

ಮಾರ್ಕೆಟ್ಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎತ್ತ ನೋಡಿದರೂ ಕೆಂಪು ಗುಡ್ಡೆ, ಚೀಲದ ಗೋಡೆ, ಮೂಗಿಗೆ ಟವೆಲು ಕಟ್ಟಿದ ಜನ. ಸೆರಗಿನಿಂದ ಮೂಗು ಮುಚ್ಚಿಕೊಂಡು ಸೀನುತ್ತಾ ಹೇಮಪ್ಪನವರ ಅಂಗಡಿ ಹುಡುಕಿದಳು. ಮೈಲೇಶ ಕಾಟಾದ ಪಕ್ಕ ನಿಂತು ತೂಕ ಕೂಗುತ್ತಿದ್ದ. ಅವಳನ್ನು ಕಂಡವನ ಬಾಯಿ ಅಲ್ಲೇ ನಿಂತಿತು.

"ಅವ್ವಗೇನಾತು?"

"ಅತ್ತಿ ಆರಾಮದಾರ."

"ಮತ್ತ ಕರ್ಜಗಿಯಿಂದ ಫೋನ್ ಬಂತೇನು?"

"ಯಾರಿಗೂ ಏನೂ ಆಗಿಲ್ರಿ. ನೀವು ಮನಿಗೆ ಬರ್ರಿ."

ಚೀಲ ಹೊತ್ತು ನಿಂತಿದ್ದ ಹಮಾಲಿ ರಮಜಾನ ಬೆನ್ನು ಬಗ್ಗಿಸಿಕೊಂಡೇ ನಕ್ಕ. "ಅಣ್ಣಾ, ವೈನಿಯವರು ಇಲ್ಲಿತನಕ ಬಂದಾರಂದ್ರ ಮನ್ಯಾಗ ಅಡಿಗಿ ಸುಟ್ಟೇತಿ, ತಿನ್ನಾಕ ಬ್ಯಾರೆ ಯಾರೂ ಸಿಕ್ಕಿಲ್ಲ."

ಸುತ್ತಲಿದ್ದವರು ನಕ್ಕರು. ಮೈಲೇಶ ಅವಳನ್ನು ಚೀಲಗಳ ಥಪ್ಪಿಯ ಹಿಂದಕ್ಕೆ ಕರೆದುಕೊಂಡು ಹೋದ. ಅಲ್ಲಿ ಇಬ್ಬರು ನಿಲ್ಲುವಷ್ಟೇ ಸಂದು.

"ಏನಿದು? ಎಲ್ಲಾರ ಮುಂದ ಬಂದು ನಿಂತೀಯಲ್ಲ."

"ಫೋನ್ ಎತ್ತಲಿಲ್ಲ ನೀವು. ಹಾವೇರಿ ಡಾಕ್ಟರ್ ಹೇಳಿದ್ರಲ್ಲ, ಆ ದಿನ ಇವತ್ತು."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಅವನ ಕುತ್ತಿಗೆ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತು. "ಇದಕ್ಕ ಬಂದಿ? ನಾಳಿ ಬರತೇನಲ್ಲ."

"ನಾಳಿಗೆ ಇರತೈತೋ ಇಲ್ಲೋ ನನಗ ಗೊತ್ತಿಲ್ಲ."

"ನನ್ನ ಕೈ ನೋಡು." ಅಂಗೈ ಚಾಚಿದ. ಬೆರಳ ಸಂದಿಯೆಲ್ಲ ಕೆಂಪಾಗಿ ಊದಿತ್ತು. "ಈ ಕೈಲೆ ಬರಲೇನು? ಸೀಜನ್ನಿನ ಸೋಮವಾರ ಸಾವಕಾರ್ರಿಗೆ ಏನಂತ ಹೇಳಲಿ? ಒಂಬತ್ತು ವರ್ಷ ಆಗದ್ದು ಇವತ್ತೊಂದ ದಿನಕ್ಕ ಆಗತೈತೇನು?"

ಅವನು ಸಿಟ್ಟಿನಿಂದ ಅಂದದ್ದಲ್ಲ, ದಣಿದು ಅಂದದ್ದು. ಆದರೂ ಮಹೇಶ್ವರಿಗೆ ಅದು ಕೆನ್ನೆಗೆ ಹೊಡೆದಂತೆ ತಾಗಿತು. ಅತ್ತರೆ ಖಾರ ಕಣ್ಣಿಗೆ ಹೋಗುತ್ತದೆಂದು ತಡೆದುಕೊಂಡಳು. ಅರ್ಧ ನುಂಗಿದ್ದ ಮಾತು ಈಗ ಬಂತು.

"ಒಂಬತ್ತು ವರ್ಷ ಈ ದಿನಾನ ಬಿಟ್ಟೇವ್ರಿ. ನಾ ಅತ್ತಿ ಮಗ್ಗಲದಾಗ ಮಲಗತಿದ್ದೆನಲ್ಲ, ಅವ ದಿನ ಇವು. ಉಳಿದ ದಿನ ಏನು ಮಾಡಿದ್ರೂ ಆಗಂಗಿದ್ದಿಲ್ಲ. ನೀವು ಇವತ್ತು ಬರಲಿಲ್ಲಂದ್ರ ಇದೊಂದು ತಿಂಗಳು ಅದಕ್ಕ ಕೂಡತೈತಿ, ಅಷ್ಟ."

ಮೈಲೇಶ ಚೀಲಕ್ಕೆ ಒರಗಿ ನಿಂತ. ಕಾಟಾದ ಕಡೆಯಿಂದ ಯಾರೋ ಅವನ ಹೆಸರು ಕೂಗಿದರು. ಅವನು ಓಗೊಡಲಿಲ್ಲ.

"ಅವ್ವಗ ಗೊತ್ತೈತೇನು?" ಅಂದ ಕಡೆಗೆ.

"ಇಲ್ಲ."

ಅವನು ಟವೆಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಹೇಮಪ್ಪನವರ ಗಾದಿಯ ಹತ್ತಿರ ಹೋದ. ಮನೆಯಲ್ಲಿ ಪೂಜೆ ಇಟ್ಟುಕೊಂಡಾರ, ಹೋಗಬೇಕ್ರಿ ಅಂದ.

"ಸೀಜನ್ನಿನ ಸೋಮವಾರ ಪೂಜಾ ಕೇಳೋ ದೇವರು ಯಾವನಪಾ," ಅಂದರು ಹೇಮಪ್ಪ. ಥಪ್ಪಿಯ ಪಕ್ಕ ತಲೆ ತಗ್ಗಿಸಿ ನಿಂತ ಮಹೇಶ್ವರಿಯ ಕಡೆ ಒಮ್ಮೆ ನೋಡಿ, ಕನ್ನಡಕ ಸರಿಮಾಡಿಕೊಂಡು, "ಹೋಗು. ಮುಂಜಾನಿ ಮೊದಲನೇ ಬಸ್ಸಿಗೆ ಬಾ. ರಮಜಾನ, ಕಾಟಾ ನೋಡು ನೀ," ಅಂದರು.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಮನೆಯೆಂದರೆ ಒಂದು ಖೋಲಿ, ಒಂದು ಅಡುಗೆಮನೆ. ಕರೆವ್ವ ಮಗನನ್ನು ನೋಡಿ, "ಯಾಕೋ, ಅಂಗಡಿ ಮುಚ್ಚಿದ್ರೇನು?" ಅಂದಳು. ಅವನು ಕೈಗೆ ಎಣ್ಣೆ ಸವರಿಕೊಳ್ಳುತ್ತಾ ಬಚ್ಚಲಿಗೆ ನುಸುಳಿದ. ಮಹೇಶ್ವರಿ ಅಡುಗೆಮನೆಗೆ ಕಾಲಿಟ್ಟರೆ ಒಲೆಯ ಪಕ್ಕ ಹವೀಜದ ನೀರು ಸೋಸಿ ಇಟ್ಟಿತ್ತು. ಖೋಲಿಯ ಮೂಲೆಯಲ್ಲಿ ಅತ್ತೆಯ ಹಾಸಿಗೆಗೆ ತಾಗಿಸಿ ಮಹೇಶ್ವರಿಯ ಹಾಸಿಗೆ ಹಾಸಿತ್ತು.

"ಮುಂಜಾನಿ ಸೊಂಟ ಹಿಡ್ಕೊಂಡು ಕಸಾ ಹೊಡಿಯಾಕತ್ತಿದ್ದಿ," ಅಂದಳು ಕರೆವ್ವ. "ಕಾವಾಗೇತಿ ಅಂತ ಆವಾಗ ನೆನಿ ಇಟ್ಟೆ. ಕುಡಿ."

ಮಹೇಶ್ವರಿ ಲೋಟ ಕೈಗೆ ತೆಗೆದುಕೊಂಡಳು. ಕುಡಿದುಬಿಟ್ಟರೆ ಮಾತಿಲ್ಲದೆ ಆ ಹಾಸಿಗೆಗೇ ಹೋಗಬೇಕು. ಲೋಟವನ್ನು ಕೆಳಗಿಟ್ಟು, ಅತ್ತೆಯ ಎದುರು ಕೂತು, ಕಣ್ಣು ಎತ್ತದೆ ಎಲ್ಲ ಹೇಳಿದಳು. ಡಾಕ್ಟರು ಹೇಳಿದ್ದು, ತಾನು ಮುಚ್ಚಿಟ್ಟದ್ದು, ಬ್ಯಾಡಗಿಗೆ ಹೋದದ್ದು. ಹೇಳುತ್ತಾ ಹೇಳುತ್ತಾ, ಈಗ ಬೈಗುಳ ಬರುತ್ತದೆ ಅಂತ ಕಾದಳು.

ಕರೆವ್ವ ಲೋಟವನ್ನು ತನ್ನ ಕಡೆಗೆ ಸರಿಸಿಕೊಂಡಳು.

"ನನ್ನತ್ತೀನೂ ನನ್ನ ಹಿಂಗ ಮಲಗಿಸತಿದ್ಲು," ಅಂದಳು. "ಕೈಹಿಡಿದು ಕರ್ಕೊಂಡು ಹೋಗಿ ಮಗ್ಗಲದಾಗ ಮಲಗಿಸತಿದ್ಲು. ಆರು ವರ್ಷ ನನಗ ಏನೂ ಆಗಲಿಲ್ಲ. ಆಮ್ಯಾಲ ಅಕಿ ಒಮ್ಮಿ ಮೇಡ್ಲೇರಿಗೆ ತವರಮನಿಗೆ ಹೋಗಿ, ಕಾಲು ಉಳುಕಿ ಅಲ್ಲೇ ಉಳದ್ಲು. ಆ ತಿಂಗಳ ಈ ಮೈಲೇಶ ನಿಂತ. ಮತ್ತ ಅಕಿ ಬಂದ್ಲು. ಮತ್ತ ಯಾರೂ ಆಗಲಿಲ್ಲ." ಒಲೆಯೊಳಗಿನ ಕೊಳ್ಳಿ ಹಿಂದಕ್ಕೆ ಎಳೆದಳು. "ದೇವರು ಒಬ್ಬನ್ನ ಕೊಟ್ಟ ಅಂತಿದ್ದೆ ನಾ."

"ನಿಮಗ ಹೆಂಗ ಗೊತ್ತಾಗಬೇಕ್ರಿ ಅತ್ತಿ."

"ನಿನಗ ಹಂಗ ಮಾಡಿದಾಕಿ ನಾ ಅಲ್ಲೇನು."

ಮಹೇಶ್ವರಿಗೆ ಇಲ್ಲ ಅನ್ನಲು ಮನಸ್ಸು ಬರಲಿಲ್ಲ, ಹೌದು ಅನ್ನಲು ಬಾಯಿ ಬರಲಿಲ್ಲ.

ಕರೆವ್ವ ಮೊಣಕಾಲು ಹಿಡಿದುಕೊಂಡು ಎದ್ದಳು. ಖೋಲಿಗೆ ಹೋಗಿ ತನ್ನ ಹಾಸಿಗೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. "ಮೈದುನ ಭರಮಣ್ಣನ ಮನ್ಯಾಗ ಮಲಗತೇನಿ. ಅವನ ಹೆಂಡ್ತಿ ಸಾವಿರ ಕೇಳತಾಳ. ಇಲ್ಲಿ ಹೆಗ್ಗಣ ಆಗ್ಯಾವ ಅಂತೇನಿ. ನಾಳೀನೂ ಅಲ್ಲೇ ಇರತೇನಿ." ಬಚ್ಚಲ ಬಾಗಿಲ ಹತ್ತಿರ ನಿಂತು, ಒಳಗಿದ್ದ ಮಗನಿಗೆ ಕೇಳುವಂತೆ, "ಕೈಗೆ ಮಜ್ಜಿಗಿ ಹಚ್ಚಿ ತಿಕ್ಕೋ, ಬರೇ ಎಣ್ಣಿಗೆ ಹೋಗಂಗಿಲ್ಲ ಆ ಖಾರ," ಅಂತ ಹೇಳಿ ಹೊರಟುಹೋದಳು.

ಆಮೇಲಿನ ದಿನಗಳು ಮೊದಲಿನದಕ್ಕಿಂತ ಕಷ್ಟವಾದವು. ಎಳೆ ಮರುದಿನವೂ ಇತ್ತು, ಆಮೇಲೆ ಗಟ್ಟಿಯಾಯಿತು. ಎದೆ ನೋಯತೊಡಗಿತು, ಹೊಟ್ಟೆ ಉಬ್ಬಿದಂತಾಯಿತು. ಬಸಿರು ನಿಂತರೂ ಹೀಗೆಯೇ, ನಿಲ್ಲದಿದ್ದರೂ ಹೀಗೆಯೇ, ಇದನ್ನು ನಂಬಬೇಡ ಅಂತ ಡಾಕ್ಟರು ಫೋನಿನಲ್ಲಿ ಹೇಳಿದರು. ನಂಬದೆ ಇರುವುದು ಅವಳಿಂದ ಆಗಲಿಲ್ಲ. ಮುಟ್ಟಿನ ದಿನ ದಾಟಿತು. ಇನ್ನೂ ಕೆಲವು ದಿನ ದಾಟಿದವು. ಕರೆವ್ವ ಭಾರದ ಕೊಡ ಅವಳ ಕೈಯಿಂದ ಕಸಿದುಕೊಂಡಳು, ಏನೂ ಕೇಳಲಿಲ್ಲ. ನಜ್ಮಾ ಮಾತ್ರ ಪ್ರತಿ ಮುಂಜಾನೆ ಹುಬ್ಬು ಎತ್ತಿ ಕೇಳುತ್ತಿದ್ದಳು, ಇವಳು ತಲೆ ಅಲ್ಲಾಡಿಸಿ ಬೀಜಕ್ಕೆ ಬಾಗುತ್ತಿದ್ದಳು.

ಒಂದು ಶುಕ್ರವಾರ ಮುಟ್ಟಾಯಿತು.

ಬಚ್ಚಲಲ್ಲಿ ಕೂತು ಅತ್ತು, ಮುಖ ತೊಳೆದು ಹೊರಗೆ ಬಂದಾಗ ಕರೆವ್ವ ಚಹಾ ಸೋಸುತ್ತಿದ್ದಳು. ಅವಳ ಮುಖ ನೋಡಿದಳು, ಕಪ್ಪು ಮುಂದಿಟ್ಟಳು. "ಕುಡದು ಹೋಗು, ಕೆಲಸಕ್ಕ ಇನ್ನೂ ಹೊತ್ತೈತಿ," ಅಂದಳು. ಅಷ್ಟೇ. ಮೈಲೇಶನಿಗೆ ಫೋನಿನಲ್ಲಿ ಹೇಳಿದಾಗ ಅವನು "ಆತು ಬಿಡು, ಮುಂದಿನ ತಿಂಗಳು ಐತಲ್ಲ," ಅಂದ. ಅವನ ದನಿ ಒಡೆದಿತ್ತು. ಅವನೂ ದಿನ ಎಣಿಸುತ್ತಿದ್ದ ಅನ್ನುವುದು ಅವಳಿಗೆ ಆಗ ತಿಳಿಯಿತು.

ಸೀಜನ್ನು ಇನ್ನೂ ಮುಗಿದಿರಲಿಲ್ಲ. ಮುಟ್ಟು ಮುಗಿದ ಮೇಲೆ ಮತ್ತೆ ಅದೇ ಬಚ್ಚಲು, ಅದೇ ಅಳುಕು. ಒಣಗಿದೆ, ಒಣಗಿದೆ, ಸ್ವಲ್ಪ ಹಸಿಯೇನೋ. ಹಾಗಿರುವಾಗ ಒಂದು ಬುಧವಾರ ಮಧ್ಯಾಹ್ನ, ಬೀಜದ ಮೇಜಿನ ಮುಂದೆ ಕೂತಿದ್ದಾಗ ಮೈಲೇಶನೇ ಫೋನು ಮಾಡಿದ. ಹಿಂದೆ ಚೀಲ ಎಸೆಯುವ ಸದ್ದು, ಯಾರದೋ ಕೆಮ್ಮು. ನಾಳೆ ಟೆಂಡರು, ಇವತ್ತು ಅವನು ಅಲ್ಲೇ ಉಳಿಯುವವನು.

"ಹೆಂಗೈತಿ?" ಅಂದ.

ಏನು ಅಂತ ಇಬ್ಬರಿಗೂ ಗೊತ್ತಿತ್ತು. ನಜ್ಮಾ ಕಿವಿ ಇತ್ತ ಕೊಟ್ಟು ಬೀಜ ಆರಿಸುವ ನಾಟಕ ಮಾಡುತ್ತಿದ್ದಳು.

"ಇನ್ನೂ ಇಲ್ರಿ," ಅಂದಳು ಮಹೇಶ್ವರಿ. ಫೋನು ಕಿವಿಗೆ ಒತ್ತಿ ಹಿಡಿದಳು. ಅವನು ಇಡಲಿಲ್ಲ, ಕಾಯುತ್ತಿದ್ದ.

"ಆದ್ರೂ ಬರ್ರಿ," ಅಂದಳು.